ಏಳು ದೇಶಗಳಲ್ಲಿ ಒಂದೇ ಹೆಣ

ಪತ್ತೇದಾರಿ ಕಾದಂಬರಿಕಾರ ಪದ್ಮರಾಜಯ್ಯ ತುಮಕೂರು ಬಿಟ್ಟು ಆಚೆ ಹೋದವರಲ್ಲ. ಅವರ ಪುಸ್ತಕಗಳಲ್ಲಿ ಮಾತ್ರ ಕೈರೋ, ಪ್ಯಾರಿಸ್, ಇಸ್ತಾಂಬುಲ್ ಎಂದು ಏಳು ದೇಶಗಳಲ್ಲಿ ಹೆಣ ಬಿದ್ದಿತ್ತು. ಸತ್ತವನು ಎಲ್ಲ ಕಡೆಯೂ ಒಬ್ಬ ಮನೆ ಮಾಲೀಕ: ನಶ್ಯ ಏರಿಸುತ್ತಾನೆ, ಬಾಡಿಗೆದಾರರಿಗೆ ನೀರು ನಿಲ್ಲಿಸುತ್ತಾನೆ, ಬೇಸಿಗೆಯಲ್ಲೂ ಮಂಗನ ಟೋಪಿ ಹಾಕುತ್ತಾನೆ.

ಕೆಳಗಿನ ಮನೆಯಲ್ಲೇ ಇದ್ದ ತಮ್ಮ ಓನರು ಪುಸ್ತಕ ಮುಟ್ಟುವವರಲ್ಲ ಎಂಬ ಧೈರ್ಯದ ಮೇಲೆ ಇದೆಲ್ಲ ನಡೆದಿತ್ತು. ಒಂದು ಬೆಳಗ್ಗೆ ಅವರೇ ಮಂಗನ ಟೋಪಿ ಹಾಕಿಕೊಂಡು, ಏಳೂ ಪುಸ್ತಕಗಳನ್ನು ಕಂಕುಳಲ್ಲಿ ಇರುಕಿಕೊಂಡು ಮಹಡಿ ಹತ್ತಿ ಬಂದರು.

"ಏನ್ರೀ ಇದು? ಮರುಭೂಮಿಲಿ ಯಾವನ್ರೀ ಮಂಗನ ಟೋಪಿ ಹಾಕ್ತಾನೆ? ಇದು ನಾನೇ ತಾನೆ?"

ಪದ್ಮರಾಜಯ್ಯ ಎದ್ದು ನಿಂತು ಕೈಮುಗಿದರು. ಇನ್ನು ಮನೆ ಖಾಲಿ ಮಾಡುವುದೊಂದೇ ಬಾಕಿ.

"ತಪ್ಪಾಯ್ತು ಸಾರ್. ಮುಂದಿನ ಕಾದಂಬರೀಲಿ ನೀವು ಖಂಡಿತ ಇರಲ್ಲ."

"ಅದು ಯಾವ ದೇಶದ್ದು?"

"ಸ್ವಿಟ್ಜರ್ಲೆಂಡು."

ಓನರು ಕುರ್ಚಿ ಎಳೆದುಕೊಂಡು ಕೂತರು. ಕೆಳಗೆ ಕೇಳಿಸದ ಹಾಗೆ ದನಿ ತಗ್ಗಿಸಿದರು.

"ಇರಲ್ಲ ಅಂದ್ರೆ ಹೆಂಗ್ರೀ? ನಮ್ಮನೆಯವಳು ಮದುವೆಯಾದಾಗಿಂದ ಹಿಮ ನೋಡ್ಬೇಕು ಅಂತಿದಾಳೆ. ಈ ಸಲ ಅವಳನ್ನೂ ಕರ್ಕೊಂಡು ಹೋಗಿ. ಬೇಕಾದ್ರೆ ಕೊಲೆ ಅವಳೇ ಮಾಡ್ಲಿ."