ನೈಗಾರ್ಡ್ ಎಂದು ಬರೆದ ಪಾತ್ರೆ

ಅದು ನಲವತ್ತೊಂದನೆಯ ಮನೆ. ಓರ್ಲಿನ್ ನೈಗಾರ್ಡ್ ಪಿಕಪ್ಪಿನಿಂದ ಇಳಿದ. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡ. ಹಿಂದಿನ ಸೀಟಿನಲ್ಲಿದ್ದ ರಟ್ಟಿನ ಪೆಟ್ಟಿಗೆಯಿಂದ ಒಂದು ಗಾಜಿನ ಪಾತ್ರೆ ಎತ್ತಿಕೊಂಡ. ಅದರ ತಳಕ್ಕೆ ಅಂಟುಪಟ್ಟಿ. ಪಟ್ಟಿಯ ಮೇಲೆ ಮನೆತನದ ಹೆಸರು, ‘ಕ್ವಾಮ್’. ಒಳಗೆ ಆರು ಸೇಬು. ಆ ಸೀಮೆಯಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ.

ಚುನಾವಣೆಗೆ ಇನ್ನು ಐದು ದಿನ. ಕ್ವಾಮ್ ಅವರ ಅಂಗಳದ ಅಂಚಿನಲ್ಲೂ ಹಲಗೆ ನೆಟ್ಟಿತ್ತು: ‘ಕೌಂಟಿ ಕಮಿಷನರ್ ಸ್ಥಾನಕ್ಕೆ ನೈಗಾರ್ಡ್’. ಕೌಂಟಿಯ ರಸ್ತೆ, ಸೇತುವೆಗಳೆಲ್ಲ ಮೂವರು ಕಮಿಷನರುಗಳ ಕೈಯಲ್ಲಿ. ಈ ಭಾಗದ ಕುರ್ಚಿಯಲ್ಲಿ ಮೆಲ್ವಿನ್ ಸ್ಕೋಗ್ ಇಪ್ಪತ್ತು ವರ್ಷದಿಂದ ಕೂತಿದ್ದ. ಗೂಸ್ ಕ್ರೀಕ್ ಸೇತುವೆಗೆ ಅಡ್ಡಗಟ್ಟಿ ಆರು ವರ್ಷವಾಗಿತ್ತು. ಗೋಧಿಯ ಲಾರಿ, ಶಾಲೆಯ ಬಸ್ಸು, ಆಂಬುಲೆನ್ಸು, ಎಲ್ಲವೂ ಹತ್ತೊಂಬತ್ತು ಮೈಲಿ ಸುತ್ತಿಕೊಂಡೇ ಬರಬೇಕು. ಆ ಸೇತುವೆ ತೆರೆಯಬೇಕು. ಓರ್ಲಿನ್‌ಗೆ ಈಗ ಬೇಕಾಗಿದ್ದುದು ಅದೊಂದೇ.

ಬೆರ್ನೀಸ್ ಕ್ವಾಮ್ ಅವನು ಬಡಿಯುವ ಮೊದಲೇ ಬಾಗಿಲು ತೆರೆದಳು. “ಬಾಪ್ಪಾ ಓರ್ಲಿನ್. ಕಾಫಿ ಇಟ್ಟಿದೀನಿ.”

“ಪಾತ್ರೆ ಕೊಟ್ಟು ಹೋಗೋಣ ಅಂತ ಬಂದೆ.”

“ಗೊತ್ತು ಗೊತ್ತು. ಮೆಲ್ವಿನ್ ಪೆಟ್ರೋಲ್ ಬಂಕ್‌ನಲ್ಲಿ ಕೂತು ಅದನ್ನೇ ಆಡ್ಕೋತಿದ್ನಂತೆ. ನೈಗಾರ್ಡ್ ಸೇಬು ಹಂಚಿ ಓಟು ಬಾಚ್ತಿದಾನೆ, ನಾನು ಇಪ್ಪತ್ತು ವರ್ಷ ಬರಿಗೈಲಿ ಗೆದ್ದೆ ಅಂತ.”

“ನಾನು ಯಾರನ್ನೂ ಓಟು ಕೇಳಿಲ್ಲ ಬೆರ್ನೀಸ್.”

“ಬಾಯಿಬಿಟ್ಟು ಕೇಳಬೇಕಾ? ಪಾತ್ರೆ ಹಿಡ್ಕೊಂಡು ಬಾಗಿಲಲ್ಲಿ ನಿಂತೆಯಲ್ಲ, ಅರ್ಥ ಆಗಲ್ವಾ ನಮಗೆ?”

ಎಲ್ಲ ಮನೆಯಲ್ಲೂ ಇದೇ ಮಾತು. ಓರ್ಲಿನ್ ‘ಅಲ್ಲ’ ಎಂದಷ್ಟೂ ಅವರು ‘ಹೌದು’ ಎಂದು ತಲೆಯಾಡಿಸುತ್ತಿದ್ದರು. ಚರ್ಚಿನ ನೆಲಮಾಳಿಗೆಯಲ್ಲಿ ನೂರೆಂಬತ್ತು ಜನ ಉಂಡುಹೋದ ಆ ಮಧ್ಯಾಹ್ನದಿಂದ, ಮನೆಮನೆಯವರು ಅಡುಗೆ ತುಂಬಿ ತಂದಿದ್ದ ಪಾತ್ರೆಗಳು ಅವನ ಅಡುಗೆಮನೆಯಲ್ಲಿ ರಾಶಿ ಬಿದ್ದಿದ್ದವು. ಒಂದೊಂದನ್ನೂ ತಾನೇ ತೊಳೆದು ಒರೆಸಿದ್ದ.

ಬೆರ್ನೀಸಳ ಫ್ರಿಜ್ಜಿನ ಬಾಗಿಲಿಗೆ ಪ್ರಚಾರದ ಚೀಟಿ ಸಿಕ್ಕಿಸಿತ್ತು. ‘ಹುಟ್ಟಿದ್ದು ಇದೇ ಕೌಂಟಿಯಲ್ಲಿ. ಇಪ್ಪತ್ತೇಳು ವರ್ಷ ಶಾಲೆಯ ಬಸ್ಸಿನ ಚಾಲನೆ. ಮೊದಲ ಕೆಲಸ ಸೇತುವೆ. ಎರಡನೆಯದು, ಹಿಮ ಬಿದ್ದ ದಿನ ಬಸ್ಸಿನ ದಾರಿಯನ್ನು ಎಲ್ಲಕ್ಕಿಂತ ಮುಂಚೆ ತೆರವು ಮಾಡುವುದು.’ ಓರ್ಲಿನ್ ಅದರಿಂದ ಕಣ್ಣು ತೆಗೆದು ಕಾಫಿಯ ಲೋಟದೊಳಕ್ಕೆ ನೋಡಿದ.

“ನನ್ನ ನಾಲ್ಕು ಮಕ್ಕಳೂ ಆ ಬಸ್ಸಲ್ಲೇ ಬೆಳೆದ್ವು,” ಎಂದಳು ಬೆರ್ನೀಸ್. “ಮಕ್ಕಳು ಒಳಗೆ ಹೋಗಿ ಬಾಗಿಲು ಹಾಕ್ಕೊಳ್ಳೋವರೆಗೂ ಬಸ್ಸು ಅಲ್ಲಾಡ್ತಾ ಇರಲಿಲ್ಲ. ಊಟಕ್ಕೇನು ಮಾಡ್ಕೋತಿದೀಯ ನೀನು?”

“ಡಬ್ಬಿ ಸೂಪು.”

“ಸೇಬು ಇಷ್ಟು ಬಿಟ್ಟಿದೆ, ಜಾಮ್...” ಬೆರ್ನೀಸ್ ಮಾತು ನುಂಗಿಕೊಂಡಳು.

“ಈ ವರ್ಷ ಜಾಮ್ ಆಗಲಿಲ್ಲ,” ಎಂದ ಓರ್ಲಿನ್.

ನಿಜ ಹೇಳಬೇಕೆಂದರೆ ಅವನಿಗೆ ಈ ಚುನಾವಣೆಯೇ ಬೇಡವಾಗಿತ್ತು. ಅಕ್ಟೋಬರಿನಲ್ಲಿ ಒಂದು ದಿನ ಕೋರ್ಟಿನ ಕಟ್ಟಡಕ್ಕೆ ಹೋಗಿ, ಕೌಂಟಿಯ ಗುಮಾಸ್ತೆ ಮಾರ್ಲಿಸಳ ಮುಂದೆ ನಿಂತು, ಮತಪತ್ರದಿಂದ ಹೆಸರು ತೆಗೆಸಲು ಆಗುತ್ತದೆಯೇ ಎಂದು ಕೇಳಿದ್ದ. ಮತಪತ್ರ ಆಗಲೇ ಅಚ್ಚಾಗಿತ್ತು. “ಇರಲಿ ಬಿಡಿ ಓರ್ಲಿನ್,” ಎಂದಿದ್ದಳು ಮಾರ್ಲಿಸ್, ಅವನ ತೋಳು ಮುಟ್ಟಿ. “ಇದ್ದರೆ ಇರಲಿ.”

ಮಂಗಳವಾರ ಸಂಜೆ, ಮತದಾನ ಮುಗಿದ ಮೇಲೆ, ಅದೇ ಕಟ್ಟಡದ ಮೊಗಸಾಲೆಯಲ್ಲಿ ಮಾರ್ಲಿಸ್ ಕಪ್ಪುಹಲಗೆಯ ಮೇಲೆ ಲೆಕ್ಕ ಬರೆದಳು. ಸ್ಕೋಗ್, ಮುನ್ನೂರ ಎಂಬತ್ತೆಂಟು. ನೈಗಾರ್ಡ್, ನಾನೂರ ಹನ್ನೆರಡು.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಗಂಡಸರು ಒಬ್ಬೊಬ್ಬರಾಗಿ ಟೋಪಿ ತೆಗೆದರು.

ಮೆಲ್ವಿನ್ ಜನರ ನಡುವೆ ದಾರಿ ಮಾಡಿಕೊಂಡು ಬಂದ. ಎಪ್ಪತ್ತರ ಮುದುಕ, ಅವತ್ತು ಇನ್ನಷ್ಟು ಬಗ್ಗಿದಂತಿದ್ದ. ಕೈಯಲ್ಲಿ ಒಂದು ಹಳೆಯ ನೀಲಿ ಪಾತ್ರೆ. ಅದರ ತುಂಬ ಅವನ ಹೆಂಡತಿ ಮಾಡಿದ ಬನ್ನು.

“ಇದು ನಿಮ್ಮನೇದು,” ಎಂದ. “ನಮ್ಮಮ್ಮ ಹೋದಾಗ ಬಂದಿದ್ದು. ಎಂಟು ವರ್ಷ ಆಯ್ತು, ವಾಪಸ್ ಕೊಡೋ ಮರ್ಯಾದೆ ನಮಗಿರಲಿಲ್ಲ. ನೀನು ಮೂರೇ ವಾರದಲ್ಲಿ ಎಲ್ಲರದ್ದೂ ಕೊಟ್ಟೆ. ನಮ್ಮದೂ.”

ಓರ್ಲಿನ್ ಪಾತ್ರೆ ತೆಗೆದುಕೊಂಡ.

“ಜನವರಿವರೆಗೂ ಕುರ್ಚಿ ನಂದೇ. ಇನ್ನಿಬ್ಬರನ್ನ ಒಪ್ಪಿಸಿದೀನಿ. ಸೋಮವಾರ ಸೇತುವೆ ಕಾಗದಕ್ಕೆ ಸಹಿ ಬೀಳುತ್ತೆ.”

“ಹತ್ತೊಂಬತ್ತು ಮೈಲಿ ತಡ ಆಯ್ತು ಮೆಲ್ವಿನ್.”

ಮೆಲ್ವಿನ್ ಕಣ್ಣೆತ್ತಲಿಲ್ಲ. “ಗೊತ್ತು ಕಣಪ್ಪ. ಆಂಬುಲೆನ್ಸು ಸುತ್ತಿ ಬಂದಿದ್ದನ್ನ ಹೊತ್ತುಕೊಂಡೇ ತಿರುಗ್ತಿದೀನಿ.”

ಆಯ್ಕೆಯ ಪತ್ರವನ್ನು ಯಾರ ಕೈಗೆ ಕೊಡಬೇಕೆಂದು ಮಾರ್ಲಿಸಳಿಗೆ ತಿಳಿಯಲಿಲ್ಲ. ಕೊನೆಗೆ ಓರ್ಲಿನ್‌ನ ಕೈಯಲ್ಲೇ ಇಟ್ಟಳು.

ಮರುದಿನ ಬೆಳಿಗ್ಗೆ ಅವನು ಆ ಪತ್ರವನ್ನೂ ನೀಲಿ ಪಾತ್ರೆಯನ್ನೂ ತೆಗೆದುಕೊಂಡು ಚರ್ಚಿನ ಹಿಂದಿನ ದಿಬ್ಬ ಹತ್ತಿದ. ಅಲ್ಲಿ ಹೊಸ ಮಣ್ಣಿನ ಮೇಲೆ ಒಂದು ಮರದ ಗೂಟವಿತ್ತು. ಮಣ್ಣು ಕೂತ ಮೇಲೆ, ವಸಂತದಲ್ಲಿ, ಕಲ್ಲು ಬರುತ್ತದೆ. ಗೂಟಕ್ಕೆ ಹೊಡೆದಿದ್ದ ಕಾಗದದ ಅಕ್ಷರ ಮಳೆಗೆ ಅಳಿಸಿಹೋಗಿತ್ತು. ಅವನು ಪಾತ್ರೆಯ ತಳದ ಅಂಟುಪಟ್ಟಿಯನ್ನು ಹರಿಯದಂತೆ ಉಗುರಿನಿಂದ ಬಿಡಿಸಿದ. ಎಡಕ್ಕೆ ವಾಲಿದ ಅಕ್ಷರಗಳಲ್ಲಿ ‘ನೈಗಾರ್ಡ್’ ಎಂದಿತ್ತು. ಅದನ್ನು ಗೂಟಕ್ಕೆ ಒತ್ತಿ ಅಂಟಿಸಿ, ಪತ್ರವನ್ನು ಬಿಚ್ಚಿ, ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದ.

ಹೊಸ ಕಮಿಷನರ್ ಆರ್ಡಿಸ್ ನೈಗಾರ್ಡ್, ಅವನ ಹೆಂಡತಿ, ಆ ಮಣ್ಣಿನಡಿ ಮಲಗಿ ಅಂದಿಗೆ ಇಪ್ಪತ್ತಾರು ದಿನವಾಗಿತ್ತು.