ಪಕ್ಕದ ಖಾಲಿ ಸೈಟು

ಊರಾಚೆಯ ಹೊಸ ಬಡಾವಣೆಯಲ್ಲಿ ಚಂದ್ರಕಲಮ್ಮನ ಮನೆಯ ಪಕ್ಕದ ಖಾಲಿ ಸೈಟು ನೋಡಲು ಮತ್ತೊಂದು ಕಾರು ಬಂದು ನಿಂತಿತು. ಗಂಡ ಹೆಂಡತಿ ಇಳಿಯುವಷ್ಟರಲ್ಲಿ ಚಂದ್ರಕಲಮ್ಮ ತಮ್ಮ ಕಾಂಪೌಂಡಿಗೆ ಒರಗಿ ನಿಂತಿದ್ದರು.

“ಏರಿಯಾ ಹೆಂಗಮ್ಮಾ?” ಎಂದ ಗಂಡ.

“ಸುಳ್ಳ್ಯಾಕೆ ಹೇಳ್ಲಿ? ನೀರು ವಾರಕ್ಕೊಂದ್ಸಲ. ಹೋದ ತಿಂಗಳು ಇದೇ ಸೈಟಲ್ಲಿ ಎರಡು ನಾಗರಹಾವು ಹಿಡಿದ್ರು. ಬಳ್ಳಿ ಹೆಂಗೆ ಹಬ್ಬಿದೆ ನೋಡಿ. ಹಾವಿಗೆ ಹೇಳಿ ಮಾಡಿಸಿದ ಜಾಗ.”

ಸೈಟಿನೊಳಗಿಟ್ಟಿದ್ದ ಕಾಲನ್ನು ಗಂಡ ಹಿಂದಕ್ಕೆ ತೆಗೆದುಕೊಂಡ. ಹೆಂಡತಿ ಮಾತ್ರ ನಕ್ಕಳು.

“ಇರ್ಲಿ ಬಿಡಿ ಆಂಟಿ. ನಾವೇನು ಈಗ್ಲೇ ಮನೆ ಕಟ್ಟಲ್ಲ. ಮೆಟ್ರೋ ಬಂದು ರೇಟು ಏರೋವರೆಗೂ, ಹತ್ತು ವರ್ಷ ಆದ್ರೂ ಹಿಂಗೇ ಬಿಟ್ಟಿರ್ತೀವಿ.”

ಚಂದ್ರಕಲಮ್ಮ ಸೆರಗು ಸರಿಮಾಡಿಕೊಂಡರು.

“ಹಂಗಾದ್ರೆ ಕಣ್ಮುಚ್ಕೊಂಡು ತಗೊಳ್ಳಿ. ಇಂಥಾ ಗಾಳಿ, ಇಂಥಾ ಜನ ಸಿಟೀಲೆಲ್ಲಿ ಸಿಗ್ತಾರೆ? ಹಾವು ಹಿಡಿದು ಕಾಡಿಗೆ ಬಿಟ್ಟಾಯ್ತು. ಸೈಟ್ ನಾನು ನೋಡ್ಕೋತೀನಿ.”

ಕಾರು ತಿರುವು ದಾಟಿದ ಮೇಲೆ ಅವರು ಗುದ್ದಲಿ ಹಿಡಿದು ಬರಿಗಾಲಲ್ಲೇ ಆ ಸೈಟಿಗಿಳಿದರು. ಬಳ್ಳಿ ಸರಿಸಿ, ತಾವೇ ನೆಟ್ಟಿದ್ದ ಗೆಣಸನ್ನು ಸಂಜೆಗೆ ಬೇಯಿಸಲು ಅಗೆಯತೊಡಗಿದರು.