ಕೈಗಾಗಿ ಕಾಯುವ ಬಟನ್

ದ್ಯಾಮವ್ವನನ್ನು ಕೆಲಸದಿಂದ ತೆಗೆದರು. ಕಾರಣ ಕೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಊಟದ ಡಬ್ಬಿ ಬಾಗಿಲ ಹೊರಗಿತ್ತು.

ಗದಗಿನ ಒಂದು ಸಣ್ಣ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಲಗ್ನಪತ್ರಿಕೆ, ಪ್ರಶ್ನೆಪತ್ರಿಕೆ ಟೈಪ್ ಮಾಡಿದವಳು ಅವಳು.
ಸಣ್ಣವಳಿದ್ದಾಗ ಬಂದ ಜ್ವರದಿಂದ ಎರಡೂ ಕೈ ಸದಾ ನಡುಗುತ್ತವೆ... ಆದರೂ ಅವಳ ಕೆಲಸದಲ್ಲಿ ತಪ್ಪು ಸಿಗುತ್ತಿದ್ದುದು ಅಪರೂಪ.

ಇದ್ಯಾವುದೂ ರುಬೀನಾಗೆ ಗೊತ್ತಿರಲಿಲ್ಲ.

ರುಬೀನಾ ನದಾಫ್ ಅದೇ ಊರಿನ ಪಾಲಿಟೆಕ್ನಿಕ್ಕಿನಲ್ಲಿ ಪಾಠ ಮಾಡುವಾಕೆ. ಆ ದಿನ ಅವಳು ಪ್ರೆಸ್ಸಿಗೆ ಬಂದದ್ದು ಪೇಢೆ ಡಬ್ಬಿ ಹಿಡಿದುಕೊಂಡು!

ಯಾಕೆಂದರೆ "ಗವಾಕ್ಷಿ"ಗೆ ಮರುಜೀವ ಬಂದಿತ್ತು...

ಗವಾಕ್ಷಿ ಅಂದರೆ, ಕಂಪ್ಯೂಟರ್ ಪರದೆಯ ಮೇಲೆ ಬಟನ್, ಮೆನು, ಟೈಪ್ ಮಾಡುವ ಜಾಗ ಎಲ್ಲವನ್ನೂ ಕಟ್ಟಿಕೊಡುವ ಹಳೆಯ ಟೂಲ್‌ಕಿಟ್. ಓಪನ್ ಸೋರ್ಸ್. ಊರ ಬಾವಿ ಇದ್ದಂತೆ... ಯಾರು ಬೇಕಾದರೂ ನೀರು ಸೇದಬಹುದು, ಯಾರು ಬೇಕಾದರೂ ಹೂಳೆತ್ತಬಹುದು.

ಕಟ್ಟಿದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿ ಅದು ಹಾಳುಬಿದ್ದಿತ್ತು. ಹೊಸ ಕಂಪ್ಯೂಟರಿನಲ್ಲಿ ಅಕ್ಷರ ಮಸುಕು, ಬಟನ್ ಇರುವೆಯಷ್ಟು.

ರುಬೀನಾ ಮತ್ತು ಬೇರೆ ಬೇರೆ ಊರಿನ ಕೆಲವು ಗೆಳೆಯರು ಸೇರಿ ಅದನ್ನು ಎಬ್ಬಿಸಿ ನಿಲ್ಲಿಸಿದರು. ಪ್ರೆಸ್ಸಿನ ಮಾಲಕ ಕೊಟ್ರಪ್ಪನವರ ಸಾಫ್ಟ್‌ವೇರ್ ನಿಂತಿದ್ದೇ ಗವಾಕ್ಷಿಯ ಮೇಲೆ. ಹೊಸ ಆವೃತ್ತಿಯನ್ನು ಮೊದಲು ಹಾಕಿಸಿಕೊಂಡವರೂ ಅವರೇ.

"ಪೇಢೆ ಆಮ್ಯಾಲೆ ಮೇಡಂ, ಮೊದಲ ಇದನ್ನ ನೋಡ್ರಿ..."

ಕೊಟ್ರಪ್ಪ ಬೆರಳು ಮಾಡಿದ ಕಡೆ ಲಗ್ನಪತ್ರಿಕೆಗಳ ರಾಶಿ. ಹೆಸರಿನಲ್ಲಿ ಅಕ್ಷರಗಳು ಎರಡೆರಡು.

"ವರನ ಹೆಸರ ತೊದಲಾಕತ್ತೈತಿ! ಮದಿವಿ ಒಂದ... ಪ್ರಿಂಟ್ ಆಗಿದ್ದು ಮೂರು ಮದಿವಿಗೆ ಸಾಕಾಗುವಷ್ಟು. ಬೀಗರು ಬಂದು ಮಾರಿಗೆ ಮಂಗಳಾರತಿ ಮಾಡಿ ಹೋದ್ರು. ಆ ದ್ಯಾಮವ್ವನ್ನ ತಗದುಹಾಕೇನಿ."

"ನಮ್ಮ ಟೆಸ್ಟ್ ಎಲ್ಲಾ ಪಾಸ್ ಆಗ್ಯಾವ್ರೀ..." ರುಬೀನಾಳ ಬಾಯಿಂದ ಮೊದಲು ಬಂದದ್ದು ಇದೇ ಮಾತು.

ಆದರೂ ಮನಸ್ಸು ಕೇಳಲಿಲ್ಲ. ದ್ಯಾಮವ್ವನ ವಿಳಾಸ ಕೇಳಿಕೊಂಡು ಪಕ್ಕದ ಬೆಟಗೇರಿಗೆ ಹೋದಳು.

ದ್ಯಾಮವ್ವ ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. ಬಂದವಳು ಯಾರೆಂದು ತಿಳಿದ ಮೇಲೂ ಬೈಯಲಿಲ್ಲ.

"ಲ್ಯಾಪ್‌ಟಾಪ್ ತಂದೀಯಲ್ಲ... ತೆಗಿ ತಂಗಿ, ತೋರಸ್ತೀನಿ."

ಕೀ ಮೇಲೆ ಬೆರಳಿಟ್ಟಳು. ಬೆರಳು ಒತ್ತಿತು... ಮೇಲೆದ್ದಿತು... ಅವಳು ಬೇಡವೆಂದರೂ ಮತ್ತೊಮ್ಮೆ ಒತ್ತಿತು.

ಪರದೆಯ ಮೇಲೆ ಒಂದರ ಬದಲು ಎರಡು ಅಕ್ಷರ.

"ಹಳೇದು ನನ್ನ ಕೈ ನಿಲ್ಲೂತನಕ ಕಾಯ್ತಿತ್ತು ತಂಗಿ... ನಿಂದು ಕಾಯಂಗಿಲ್ಲ. ತಿದ್ದಾಕ ಹೋದ್ರ ಅದೂ ಎರಡೆರಡು ಅಳಸ್ತೈತಿ."

ರುಬೀನಾ ಲ್ಯಾಪ್‌ಟಾಪನ್ನು ತನ್ನತ್ತ ಎಳೆದುಕೊಂಡಳು.

ಹಳೆಯ ಕೋಡಿನಲ್ಲಿ ಕೆಲವು ಸಾಲುಗಳಿದ್ದವು. ಒಮ್ಮೆ ಒತ್ತಿದ ಮೇಲೆ, ಕಣ್ಣು ಮಿಟುಕಿಸುವಷ್ಟು ಹೊತ್ತು, ಅದನ್ನೇ ಮತ್ತೆ ಒತ್ತಿದರೂ ಲೆಕ್ಕಕ್ಕೆ ತೆಗೆದುಕೊಳ್ಳದ ಸಾಲುಗಳು.

ನಿಧಾನದ ಕಂಪ್ಯೂಟರುಗಳ ಕಾಲದ ತೇಪೆ ಇರಬೇಕು ಎಂದುಕೊಂಡು ಕಿತ್ತೆಸೆದವಳು ಅವಳೇ! "ಆಮೆಯನ್ನು ಕೊಂದೆ" ಎಂದು ಗವಾಕ್ಷಿ ಗೆಳೆಯರ ಗ್ರೂಪಿನಲ್ಲಿ ಜಂಬ ಕೊಚ್ಚಿದ್ದಳು. ಎಲ್ಲರೂ ನಗುವ ಮುಖ ಕಳಿಸಿದ್ದರು.

ಟೆಸ್ಟ್ ಮಾಡಿದ ಕೈಗಳಲ್ಲಿ ಒಂದೂ ನಡುಗುವ ಕೈ ಇರಲಿಲ್ಲ...

"ತಪ್ಪಾತು ದ್ಯಾಮಕ್ಕ..." ರುಬೀನಾ ಕಣ್ಣೊರೆಸಿಕೊಂಡಳು.

"ಅಳಬ್ಯಾಡ. ಅತ್ತರ ಬಟನ್ ರಿಪೇರಿ ಆಗ್ತೈತೇನು? ಕುಂದರು, ಮಾಡು."

ಕೂತಳು. ಕಿತ್ತ ಸಾಲುಗಳನ್ನು ಹಾಗೇ ತಂದು ಹಚ್ಚಲಿಲ್ಲ... ಎಷ್ಟು ಹೊತ್ತು ಕಾಯಬೇಕೆಂದು ಅವರವರ ಕೈಗೆ ತಕ್ಕಂತೆ ಹೊಂದಿಸಿಕೊಳ್ಳುವ ಹಾಗೆ ಹೊಸದಾಗಿ ಬರೆದಳು. ಈ ಸಲ ಟೆಸ್ಟ್ ಮಾಡಿದ್ದು ದ್ಯಾಮವ್ವನ ಕೈ.

"ಒಬ್ಬಳಿಗೋಸ್ಕರ ಇಷ್ಟೆಲ್ಲಾ ಬೇಕಾ?" ಗ್ರೂಪಿನಲ್ಲಿ ಒಬ್ಬ ಕೇಳಿದ.

ರುಬೀನಾ ವಾದಕ್ಕಿಳಿಯಲಿಲ್ಲ. ಕೀಬೋರ್ಡಿನ ಮೇಲೆ ನಡುಗುವ ಆ ಬೆರಳುಗಳ ವಿಡಿಯೋ ಕಳಿಸಿದಳು.



ಆಮೇಲೆ ಅವನೇ ಬರೆದ: "ನಮ್ಮಪ್ಪನ ಕೈನೂ ಹಿಂಗೇ ನಡುಗುತ್ತೆ. ಫೋನಲ್ಲಿ ಒಂದು ನಂಬರ್ ಸರಿ ಒತ್ತೋಕೆ ಬರಲ್ವಾ ಅಂತ ನಿನ್ನೆನೂ ರೇಗಿದೆ... ಇದನ್ನ ಇವತ್ತೇ ಸೇರಿಸು."

ಮರುದಿನ ಪ್ರೆಸ್ಸಿನಲ್ಲಿ ರುಬೀನಾ ತಿದ್ದಿದ ಗವಾಕ್ಷಿಯನ್ನು ಹಾಕಿಕೊಟ್ಟಳು. ಕೊಟ್ರಪ್ಪನವರ ಕಣ್ಣೆದುರೇ, ದ್ಯಾಮವ್ವ ಇಡೀ ಲಗ್ನಪತ್ರಿಕೆ ಟೈಪ್ ಮಾಡಿದಳು. ಒಂದಕ್ಷರವೂ ಎರಡಾಗಲಿಲ್ಲ.

ಪ್ರಿಂಟ್ ಒತ್ತಿದಳು. ಬಂದದ್ದು ಒಂದೇ ಹಾಳೆ.

ಕೊಟ್ರಪ್ಪ ಅದನ್ನು ತಿರುಗಿಸಿ ಮುರುಗಿಸಿ ನೋಡಿದರು. "ಆತು ಬಿಡು... ನಾಳೆಯಿಂದ ಬಾ. ಅದಕ್ಕ ಮೊದಲ ಒಂದು ತಪ್ಪೊಪ್ಪಿಗೆ ಬರದುಕೊಡು."

ರುಬೀನಾ ಪೆನ್ನಿಗೆ ಕೈ ಚಾಚಿದಳು. "ನಾ ಬರೀತೀನ್ರಿ. ತಪ್ಪು ನಂದು."

"ನೀವು ಕಲಿತವರು, ನಿಮ್ದೇನ್ ತಪ್ಪ್ರಿ ಮೇಡಂ? ಆಕಿ ಬರೀಲಿ. 'ನನ್ನ ಕೈ ತಪ್ಪಿನಿಂದ ನುಕ್ಸಾನ ಆತು'... ಅಷ್ಟ ಸಾಕು."

ದ್ಯಾಮವ್ವ ಹಾಳೆಯನ್ನು ಮಾಲಕರ ಕಡೆಗೇ ತಳ್ಳಿದಳು. ಕೈ ನಡುಗುತ್ತಿತ್ತು. ದನಿ ನಡುಗಲಿಲ್ಲ.

"ಕೆಲಸ ನಾಳೆ ಯಾಕ್ರಿ, ಇವತ್ತ ಮಾಡ್ತೀನಿ. ಆದರ ನನ್ನ ಕೈದ ತಪ್ಪು ಅಂತ... ನಾ ಬರಿಯಂಗಿಲ್ಲ."

*

ಎಲ್ಲರ ಕೈಗೂ ಒಗ್ಗದಿದ್ದರೆ ಅದು ಹೊಸದಾಗಿದೆ ಅಷ್ಟೇ... ಒಳ್ಳೆಯದಾಗಿಲ್ಲ.

ನೀವು ಮೊನ್ನೆ "ಇದೆಲ್ಲ ಕಸ" ಎಂದು ಕಿತ್ತು ಹಾಕಿದಿರಲ್ಲ... ಅದರ ಮೇಲೆ ಯಾರ ಅನ್ನ ನಿಂತಿತ್ತು ಎಂದು ಒಮ್ಮೆಯಾದರೂ ಕೇಳಿದ್ದಿರಾ?